ಒಕ್ಕೂಟ ಉಳಿಸಲು ಶುರುವಾದ ಯುದ್ಧ ಗುಲಾಮಗಿರಿಯನ್ನು ಮುಗಿಸಿದ್ದು ಹೇಗೆ?

1861ರ ಮಾರ್ಚ್ 4ರಂದು ಅಮೆರಿಕದ ಅಧ್ಯಕ್ಷನಾಗಿ ಪ್ರಮಾಣವಚನ ಸ್ವೀಕರಿಸಿದ ಅಬ್ರಹಾಂ ಲಿಂಕನ್, ಗುಲಾಮಗಿರಿ ಈಗಾಗಲೇ ಇರುವ ರಾಜ್ಯಗಳಲ್ಲಿ ಅದರ ತಂಟೆಗೆ ಹೋಗುವುದಿಲ್ಲ ಎಂದು ಬಿಡಿಸಿ ಹೇಳಿದ್ದ. ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾದ ಮೇಲೂ, ಆ ವರ್ಷದ ಜುಲೈನಲ್ಲಿ, ಅಮೆರಿಕದ ಸಂಸತ್ತು ಇದು ಒಕ್ಕೂಟ ಉಳಿಸುವ ಯುದ್ಧವೇ ಹೊರತು ಯಾವ ರಾಜ್ಯದ ಪದ್ಧತಿಯನ್ನೂ ಕಿತ್ತುಹಾಕುವ ಯುದ್ಧವಲ್ಲ ಎಂದು ನಿರ್ಣಯ ಮಾಡಿತು. ನಾಲ್ಕೂವರೆ ವರ್ಷದ ನಂತರ, 1865ರ ಡಿಸೆಂಬರಿನಲ್ಲಿ, ಗುಲಾಮಗಿರಿಯನ್ನು ಇಡೀ ದೇಶದಲ್ಲಿ ನಿಷೇಧಿಸುವ 13ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿತು. ಈ ಎರಡು ತುದಿಗಳ ನಡುವೆ ಗುರಿ ಹೇಗೆ ಬದಲಾಯಿತು ಎಂಬುದು ತಿಳಿಯದೆ ಬರೀ ಕದನಗಳ ಪಟ್ಟಿ ಓದಿದರೆ ಅಮೆರಿಕದ ಅಂತರ್ಯುದ್ಧ ಅರ್ಥವಾಗುವುದಿಲ್ಲ.

ಮೊದಲೇ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಎರಡೂ ಕಡೆಯವರು ಒಂದೇ ಕಾರಣಕ್ಕೆ ಯುದ್ಧಕ್ಕಿಳಿಯಲಿಲ್ಲ. ದಕ್ಷಿಣದ ರಾಜ್ಯಗಳು ಮೊದಲ ದಿನದಿಂದಲೇ ಗುಲಾಮಗಿರಿ ಉಳಿಸಿಕೊಳ್ಳಲು ಹೊರಟಿದ್ದವು. ಉತ್ತರ ಹೊರಟದ್ದು ದೇಶ ಒಡೆಯದಂತೆ ತಡೆಯಲು. ಉತ್ತರದ ಗುರಿಯನ್ನಷ್ಟೇ ನೋಡಿ ‘ಯುದ್ಧ ಗುಲಾಮಗಿರಿಗಾಗಿ ನಡೆಯಲೇ ಇಲ್ಲ’ ಎನ್ನುವವರು ಈಗಲೂ ಇದ್ದಾರೆ.

ಲೆಕ್ಕ ಏನಿತ್ತು?

1860ರ ಜನಗಣತಿಯ ಪ್ರಕಾರ ಅಮೆರಿಕದ ಜನಸಂಖ್ಯೆ ಸುಮಾರು 3.14 ಕೋಟಿ. ಅದರಲ್ಲಿ ಸುಮಾರು 39.5 ಲಕ್ಷ ಜನ ಗುಲಾಮರು. ಸೌತ್ ಕೆರೊಲೈನಾ, ಮಿಸಿಸಿಪ್ಪಿ ರಾಜ್ಯಗಳಲ್ಲಂತೂ ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಮಂದಿ ಗುಲಾಮರೇ. ಮುಂದೆ ಒಕ್ಕೂಟದಿಂದ ಹೊರಬಿದ್ದ ಹನ್ನೊಂದು ರಾಜ್ಯಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಬಿಳಿಯ ಕುಟುಂಬದ ಬಳಿ ಗುಲಾಮರಿದ್ದರು. ಮಾರುಕಟ್ಟೆ ಬೆಲೆಯಲ್ಲಿ ಈ ಮನುಷ್ಯರ ಒಟ್ಟು ‘ಆಸ್ತಿಮೌಲ್ಯ’ ಸುಮಾರು 300 ಕೋಟಿ ಡಾಲರ್ ಎಂಬುದು ಇತಿಹಾಸಕಾರರ ಅಂದಾಜು. ಆ ದೇಶದ ರೈಲ್ವೆ ಮತ್ತು ಕಾರ್ಖಾನೆಗಳಲ್ಲಿ ಹೂಡಿದ್ದ ಬಂಡವಾಳವನ್ನು ಕೂಡಿಸಿದರೂ ಅಷ್ಟಾಗುತ್ತಿರಲಿಲ್ಲ. ಇವರು ಬೆಳೆದ ಹತ್ತಿಯೇ ಅಮೆರಿಕದ ರಫ್ತಿನ ಅರ್ಧಕ್ಕಿಂತ ಹೆಚ್ಚು.

ಲಿಂಕನ್ ಗುಲಾಮಗಿರಿಯನ್ನು ಮುಟ್ಟುವುದಿಲ್ಲ ಎಂದರೂ ದಕ್ಷಿಣಕ್ಕೆ ಅಷ್ಟೊಂದು ಭಯ ಏಕೆ? ಅದರ ಕಾರಣ ಪಶ್ಚಿಮದ ಹೊಸ ನೆಲದಲ್ಲಿದೆ. ಅಮೆರಿಕ ಪಶ್ಚಿಮಕ್ಕೆ ಹಬ್ಬುತ್ತಾ ಹೋದಂತೆ ಹೊಸ ರಾಜ್ಯಗಳು ಹುಟ್ಟುತ್ತಿದ್ದವು, ಪ್ರತಿ ರಾಜ್ಯಕ್ಕೂ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಎರಡು ಸ್ಥಾನ. 1820ರಲ್ಲಿ ಒಂದು ರಾಜಿ ಆಗಿತ್ತು: ಮಿಸೌರಿಯನ್ನು ಬಿಟ್ಟು, ಫ್ರಾನ್ಸಿನಿಂದ ಕೊಂಡ ನೆಲದಲ್ಲಿ 36 ಡಿಗ್ರಿ 30 ನಿಮಿಷ ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿ ಇಲ್ಲ. 1854ರ ಕನ್ಸಾಸ್-ನೆಬ್ರಾಸ್ಕ ಕಾಯ್ದೆ ಆ ಗೆರೆಯನ್ನು ಅಳಿಸಿ, ಅಲ್ಲಲ್ಲಿ ನೆಲೆಸಿದವರೇ ಮತ ಹಾಕಿ ತೀರ್ಮಾನಿಸಲಿ ಎಂದಿತು. ಪರಿಣಾಮವಾಗಿ ಕನ್ಸಾಸ್‌ನಲ್ಲಿ ಮತದ ಬದಲು ಬಂದೂಕು ಮಾತಾಡಿತು. 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಪ್ಪು ಜನರು ಅಮೆರಿಕದ ಪ್ರಜೆಗಳಾಗಲಾರರು, ಹೊಸ ಪ್ರಾಂತ್ಯಗಳಲ್ಲಿ ಗುಲಾಮಗಿರಿ ತಡೆಯುವ ಅಧಿಕಾರ ಸಂಸತ್ತಿಗಿಲ್ಲ ಎಂದು ತೀರ್ಪು ಕೊಟ್ಟಿತು. ಈ ಹರಡುವಿಕೆಯನ್ನು ನಿಲ್ಲಿಸುವುದೇ ಲಿಂಕನ್‌ನ ರಿಪಬ್ಲಿಕನ್ ಪಕ್ಷ ಹುಟ್ಟಿದ ಕಾರಣ. 1860ರ ಹೊತ್ತಿಗೆ ಗುಲಾಮಗಿರಿ ಇಲ್ಲದ ರಾಜ್ಯಗಳು 18, ಇದ್ದವು 15. ಹರಡುವುದು ನಿಂತರೆ ಸೆನೆಟ್‌ನಲ್ಲಿ ತಮ್ಮ ಬಲ ಕರಗುತ್ತಾ ಹೋಗಿ, ಒಂದಲ್ಲ ಒಂದು ದಿನ ಬುಡಕ್ಕೇ ಕೊಡಲಿ ಬೀಳುತ್ತದೆ ಎಂಬುದು ದಕ್ಷಿಣದ ನಾಯಕರ ಲೆಕ್ಕ. ಆ ಲೆಕ್ಕ ತಪ್ಪಾಗಿರಲಿಲ್ಲ.

1860ರ ನವೆಂಬರ್ ಚುನಾವಣೆಯಲ್ಲಿ ನಾಲ್ವರು ಅಭ್ಯರ್ಥಿಗಳು. ಸುಮಾರು ಶೇ 40ರಷ್ಟು ಮತ ಪಡೆದು ಲಿಂಕನ್ ಗೆದ್ದ. ದಕ್ಷಿಣದ ಬಹುಪಾಲು ರಾಜ್ಯಗಳಲ್ಲಿ ಅವನ ಹೆಸರಿನ ಮತಪತ್ರವೇ ಇರಲಿಲ್ಲ. ಡಿಸೆಂಬರ್ 20ರಂದು ಸೌತ್ ಕೆರೊಲೈನಾ ಒಕ್ಕೂಟ ಬಿಟ್ಟಿತು. ಫೆಬ್ರವರಿ 1ರೊಳಗೆ ಮಿಸಿಸಿಪ್ಪಿ, ಫ್ಲೋರಿಡಾ, ಅಲಬಾಮಾ, ಜಾರ್ಜಿಯಾ, ಲೂಸಿಯಾನಾ, ಟೆಕ್ಸಾಸ್ ಅದರ ಹಿಂದೆ ಹೋದವು. ಇವೆಲ್ಲ ಸೇರಿ ‘ಕಾನ್ಫೆಡರಸಿ’ ಎಂಬ ಹೊಸ ದೇಶ ಕಟ್ಟಿಕೊಂಡು ಜೆಫರ್ಸನ್ ಡೇವಿಸ್‌ನನ್ನು ಅಧ್ಯಕ್ಷನನ್ನಾಗಿ ಮಾಡಿಕೊಂಡವು. ಕಾರಣ ಏನೆಂದು ಅವರೇ ಬರೆದಿಟ್ಟಿದ್ದಾರೆ. ತಮ್ಮ ನಿಲುವು ಗುಲಾಮಗಿರಿ ಪದ್ಧತಿಯೊಂದಿಗೆ ಪೂರ್ತಿ ಬೆಸೆದುಕೊಂಡಿದೆ ಎಂದು ಮಿಸಿಸಿಪ್ಪಿಯ ಘೋಷಣೆ ಸಾರಿತು. ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀವನ್ಸ್ 1861ರ ಮಾರ್ಚ್‌ನಲ್ಲಿ ಸವಾನ್ನಾದಲ್ಲಿ ಮಾತಾಡುತ್ತಾ, ಕಪ್ಪು ಮನುಷ್ಯ ಬಿಳಿಯನಿಗೆ ಸಮಾನನಲ್ಲ ಎಂಬುದೇ ಹೊಸ ಸರ್ಕಾರದ ಮೂಲೆಗಲ್ಲು ಎಂದ.

ರಾಜ್ಯಗಳ ಹಕ್ಕಿಗಾಗಿ ಹೋರಾಡಿದರು ಎಂಬ ವಾದ ಹುಟ್ಟಿಕೊಂಡದ್ದು ಬಹುಮಟ್ಟಿಗೆ ಸೋತ ಮೇಲೆ. 1850ರ ಪಲಾಯಿತ ಗುಲಾಮರ ಕಾಯ್ದೆ ಉತ್ತರದ ರಾಜ್ಯಗಳ ಕಾನೂನುಗಳನ್ನು ತುಳಿದು, ತಪ್ಪಿಸಿಕೊಂಡವರನ್ನು ಹಿಡಿದುಕೊಡಲೇಬೇಕೆಂದು ಕೇಂದ್ರದ ಬಲ ಬಳಸಿತ್ತು. ಆಗ ಅದಕ್ಕೆ ಪಟ್ಟು ಹಿಡಿದದ್ದು ಇದೇ ದಕ್ಷಿಣ.

ಮೊದಲ ಗುಂಡು, ಮತ್ತು ಭೂಪಟ

ಸೌತ್ ಕೆರೊಲೈನಾದ ಚಾರ್ಲ್‌ಸ್ಟನ್ ಬಂದರಿನ ಬಾಯಲ್ಲಿದ್ದ ಫೋರ್ಟ್ ಸಮ್ಟರ್ ಕೋಟೆ ಇನ್ನೂ ಕೇಂದ್ರದ ಕೈಯಲ್ಲಿತ್ತು. ಅಲ್ಲಿದ್ದವರಿಗೆ ದಿನಸಿ ಮುಗಿಯುತ್ತಾ ಬಂತು. ಆಹಾರವನ್ನಷ್ಟೇ ಕಳಿಸುತ್ತಿದ್ದೇನೆ ಎಂದು ಲಿಂಕನ್ ಮುಂಚೆಯೇ ತಿಳಿಸಿದ. ಜಾಣ ನಡೆ ಅದು: ಕೋಟೆ ಬಿಟ್ಟುಕೊಟ್ಟ ಹಾಗೂ ಆಗಲಿಲ್ಲ, ಮೊದಲ ಗುಂಡು ಹಾರಿಸಿದ ಹೊಣೆಯೂ ತನ್ನ ಮೇಲೆ ಬರಲಿಲ್ಲ. 1861ರ ಏಪ್ರಿಲ್ 12ರ ನಸುಕಿನ 4.30ಕ್ಕೆ ದಕ್ಷಿಣದ ಫಿರಂಗಿಗಳು ಸಿಡಿದವು. ಸುಮಾರು 34 ಗಂಟೆಯ ದಾಳಿಯ ನಂತರ ಕೋಟೆ ಶರಣಾಯಿತು. ಏಪ್ರಿಲ್ 15ರಂದು ಲಿಂಕನ್ 75,000 ಸ್ವಯಂಸೇವಕರನ್ನು ಕರೆದ, ಅದೂ ಬರೀ 90 ದಿನಕ್ಕೆ. ಈ ಕರೆ ಕೇಳಿ ವರ್ಜಿನಿಯಾ, ಅರ್ಕನ್ಸಾ, ಟೆನೆಸೀ, ನಾರ್ತ್ ಕೆರೊಲೈನಾ ಕೂಡ ಹೊರನಡೆದವು. ಕಾನ್ಫೆಡರಸಿ ತನ್ನ ರಾಜಧಾನಿಯನ್ನು ವರ್ಜಿನಿಯಾದ ರಿಚ್ಮಂಡ್‌ಗೆ ತಂದಿತು. ವಾಷಿಂಗ್ಟನ್‌ಗೂ ಅದಕ್ಕೂ ಸುಮಾರು 160 ಕಿ.ಮೀ. ಅಂತರ ಅಷ್ಟೆ.

ಗುಲಾಮಗಿರಿ ಇದ್ದೂ ಒಕ್ಕೂಟದಲ್ಲೇ ಉಳಿದ ನಾಲ್ಕು ಗಡಿರಾಜ್ಯಗಳನ್ನು ಮರೆಯಬಾರದು: ಡೆಲಾವೇರ್, ಮೇರಿಲೆಂಡ್, ಕೆಂಟಕಿ, ಮಿಸೌರಿ. ಗುಲಾಮಗಿರಿಯ ವಿಷಯದಲ್ಲಿ ಲಿಂಕನ್ ಸುಮಾರು ಒಂದೂವರೆ ವರ್ಷ ಬಾಯಿ ಬಿಗಿಹಿಡಿದದ್ದು ಮುಖ್ಯವಾಗಿ ಇವು ಕೈತಪ್ಪಬಾರದೆಂದು. ಮೇರಿಲೆಂಡ್ ಹೋದರೆ ವಾಷಿಂಗ್ಟನ್ ಶತ್ರುನೆಲದ ನಡುವೆ ಸಿಕ್ಕಿಕೊಳ್ಳುತ್ತಿತ್ತು. ಕೆಂಟಕಿ ಹೋದರೆ ಒಹಾಯೊ ನದಿಯೇ ಗಡಿಯಾಗುತ್ತಿತ್ತು.

ಬಲಾಬಲ ನೋಡಿದರೆ ಉತ್ತರದಲ್ಲಿ ಸುಮಾರು 2.2 ಕೋಟಿ ಜನ, ದಕ್ಷಿಣದಲ್ಲಿ 90 ಲಕ್ಷ. ಆ 90 ಲಕ್ಷದಲ್ಲಿ 35 ಲಕ್ಷ ಗುಲಾಮರು. ಉತ್ತರದ ರೈಲುಮಾರ್ಗ ಸುಮಾರು 35,000 ಕಿ.ಮೀ., ದಕ್ಷಿಣದ್ದು 14,500. ಅದರಲ್ಲೂ ಹಳಿಗಳ ಅಗಲ ಒಂದೊಂದು ಕಡೆ ಒಂದೊಂದು, ಹಾಗಾಗಿ ನಡುವೆ ಸರಕು ಇಳಿಸಿ ಏರಿಸಬೇಕು. ಭಾರೀ ಫಿರಂಗಿ ಎರಕ ಹೊಯ್ಯುವ ದೊಡ್ಡ ಕಾರ್ಖಾನೆ ದಕ್ಷಿಣಕ್ಕೆ ಇದ್ದದ್ದು ರಿಚ್ಮಂಡಿನ ಟ್ರೆಡಿಗರ್. ಇಷ್ಟಾದರೂ ದಕ್ಷಿಣಕ್ಕೆ ಒಂದು ಅನುಕೂಲವಿತ್ತು. ಅದು ಗೆಲ್ಲಬೇಕಿರಲಿಲ್ಲ, ಸೋಲದಿದ್ದರೆ ಸಾಕಿತ್ತು. ಉತ್ತರವಾದರೋ ಪಶ್ಚಿಮ ಯುರೋಪಿನಷ್ಟು ದೊಡ್ಡ ನೆಲಕ್ಕೆ ನುಗ್ಗಿ, ಹಿಡಿದು, ಹಿಡಿದದ್ದನ್ನು ಕಾಯಬೇಕಿತ್ತು.

ಮುದಿ ದಂಡನಾಯಕ ವಿನ್‌ಫೀಲ್ಡ್ ಸ್ಕಾಟ್ ಕೊಟ್ಟ ಯೋಜನೆ ಸರಳ: ಸುಮಾರು 5,600 ಕಿ.ಮೀ. ಕರಾವಳಿಗೆ ನೌಕಾ ದಿಗ್ಬಂಧನ ಹಾಕಿ, ಮಿಸಿಸಿಪ್ಪಿ ನದಿಯನ್ನು ಉದ್ದಕ್ಕೂ ವಶಮಾಡಿಕೊಂಡು ದಕ್ಷಿಣವನ್ನು ಸೀಳಿ, ಉಸಿರುಗಟ್ಟಿಸುವುದು. ಪತ್ರಿಕೆಗಳು ಇದಕ್ಕೆ ‘ಅನಕೊಂಡ’ ಎಂದು ಹೆಸರಿಟ್ಟು ನಕ್ಕವು. ಎಲ್ಲರಿಗೂ ರಿಚ್ಮಂಡ್ ಮೇಲೆ ಒಂದೇ ಏಟಿನ ದಾಳಿ ಬೇಕಿತ್ತು. ಹಾಗೆ ಹೊರಟ ಅರೆತರಬೇತಿಯ ದಂಡು ಜುಲೈ 21ರಂದು ಬುಲ್ ರನ್ ಹಳ್ಳದ ಬಳಿ ಸೋತು, ಚೆಲ್ಲಾಪಿಲ್ಲಿಯಾಗಿ ವಾಷಿಂಗ್ಟನ್‌ಗೆ ಓಡಿಬಂತು. ಕೊನೆಗೆ ಗೆಲುವು ತಂದದ್ದು ಹೆಚ್ಚುಕಡಿಮೆ ಸ್ಕಾಟ್‌ನ ದಾರಿಯೇ, ಅದಕ್ಕೆ ನೆತ್ತರಿನ ಬೆಲೆ ಮಾತ್ರ ಅವನು ಎಣಿಸಿದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಬಂದೂಕು, ಕಂದಕ, ಭೇದಿ

ಸಿಪಾಯಿಯ ಕೈಯಲ್ಲಿದ್ದದ್ದು ಬಾಯಿಂದ ತುಂಬುವ ರೈಫಲ್. ಕಾಗದದ ತೋಟೆಯನ್ನು ಹಲ್ಲಿನಿಂದ ಹರಿಯಬೇಕು, ಮದ್ದು ಸುರಿಯಬೇಕು, ಗುಂಡನ್ನು ಗಜದಿಂದ ಒತ್ತಬೇಕು, ಕೇಪು ಸಿಕ್ಕಿಸಿ ಗುಂಡು ಹಾರಿಸಬೇಕು. ಪಳಗಿದವನಿಗೆ ನಿಮಿಷಕ್ಕೆ ಮೂರು ಸಲ. ಇದಕ್ಕೆ ಹಾಕುವ ‘ಮಿನಿಯೇ’ ಎಂಬ ಗುಂಡಿನ ತಳದಲ್ಲಿ ಪೊಳ್ಳು ಇರುತ್ತದೆ. ಮದ್ದು ಸಿಡಿದಾಗ ಆ ಮೆದು ಸೀಸ ಅಗಲಗೊಂಡು ನಳಿಗೆಯೊಳಗಿನ ಸುರುಳಿ ಗೀರುಗಳನ್ನು ಕಚ್ಚಿಕೊಂಡು ತಿರುಗುತ್ತಾ ಹೊರಬರುತ್ತದೆ. ಹಳೆಯ ಬಂದೂಕು 100 ಗಜದಾಚೆ ನಂಬುವಂತಿರಲಿಲ್ಲ, ಇದು 300 ಗಜದವರೆಗೂ ಹೊಡೆಯಬಲ್ಲದು. ಆದರೆ ಕಾಡು, ಹೊಗೆ, ಗುರಿಯ ಅಭ್ಯಾಸವೇ ಇಲ್ಲದ ಸಿಪಾಯಿಗಳು ಎಂಬ ಕಾರಣಕ್ಕೆ ಬಹಳಷ್ಟು ಕಾಳಗ ಹತ್ತಿರದಲ್ಲೇ ನಡೆಯಿತು. ಮೆದು ಸೀಸದ ಗುಂಡು ಮೂಳೆಗೆ ಬಿದ್ದರೆ ಮೂಳೆ ಪುಡಿಯಾಗುತ್ತಿತ್ತು, ಕೈಕಾಲು ಕತ್ತರಿಸದೆ ಬೇರೆ ದಾರಿ ಇರಲಿಲ್ಲ. ಕ್ಲೋರೋಫಾರ್ಮ್ ಮತ್ತು ಈಥರ್ ಇದ್ದವು. ಸೋಂಕು ರೋಗಾಣುಗಳಿಂದ ಬರುತ್ತದೆಂಬ ಅರಿವು ಇರಲಿಲ್ಲ.

ಇನ್ನೂ ದೊಡ್ಡ ಕೊಲೆಗಾರ ಶಿಬಿರದ ನೀರು. ಸತ್ತವರಲ್ಲಿ ಮೂರರಲ್ಲಿ ಎರಡು ಪಾಲು ಕಾಯಿಲೆಯಿಂದ ಸತ್ತರು: ಭೇದಿ, ಆಮಶಂಕೆ, ವಿಷಮಶೀತಜ್ವರ, ದಡಾರ. ದೂರದ ಹಳ್ಳಿಗಳಿಂದ ಬಂದ ಹುಡುಗರಿಗೆ ದಡಾರ ಮೊದಲು ಸೋಕಿದ್ದೇ ಶಿಬಿರದಲ್ಲಿ.

ನದಿಗಳ ಯುದ್ಧ

ವರ್ಜಿನಿಯಾದ ಕದನಗಳಿಗೆ ಹೆಚ್ಚು ಹೆಸರು, ಅಲ್ಲಿ ದಕ್ಷಿಣದ ದಂಡನಾಯಕನಾಗಿದ್ದ ರಾಬರ್ಟ್ ಲೀಯ ಪ್ರತಿಮೆಗಳೂ ಹೆಚ್ಚು ಎದ್ದವು. ಆದರೆ ದಕ್ಷಿಣ ಸೋತದ್ದು ಮೊದಲು ಪಶ್ಚಿಮದಲ್ಲಿ. ವರ್ಜಿನಿಯಾದ ನದಿಗಳು ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತವೆ, ದಕ್ಷಿಣಕ್ಕೆ ನುಗ್ಗುವ ಸೈನ್ಯಕ್ಕೆ ಒಂದೊಂದೂ ಅಡ್ಡಗೋಡೆ. ಅಪಲೇಶಿಯನ್ ಬೆಟ್ಟಗಳಾಚೆ ಹಾಗಲ್ಲ. ಟೆನೆಸೀ, ಕಂಬರ್‌ಲೆಂಡ್, ಮಿಸಿಸಿಪ್ಪಿ ನದಿಗಳು ದಕ್ಷಿಣದ ಎದೆಯೊಳಕ್ಕೇ ಹೋಗುವ ಹೆದ್ದಾರಿಗಳು, ಅವುಗಳ ಮೇಲೆ ಕಬ್ಬಿಣ ಹೊದಿಸಿದ ತೋಪುದೋಣಿಗಳು ಓಡಾಡಬಲ್ಲವು. 1862ರ ಫೆಬ್ರವರಿಯಲ್ಲಿ ಉತ್ತರದ ದಂಡನಾಯಕ ಯುಲಿಸಿಸ್ ಗ್ರಾಂಟ್ ಹತ್ತು ದಿನದ ಅಂತರದಲ್ಲಿ ಫೋರ್ಟ್ ಹೆನ್ರಿ, ಫೋರ್ಟ್ ಡೊನೆಲ್ಸನ್ ಎರಡನ್ನೂ ಹಿಡಿದ. ಎರಡು ನದಿಗಳು ತೆರೆದುಕೊಂಡವು, ನ್ಯಾಶ್‌ವಿಲ್ ಬಿತ್ತು. ಏಪ್ರಿಲ್ 6-7ರಂದು ಶೈಲೋದಲ್ಲಿ ಎಚ್ಚರ ತಪ್ಪಿ ಕೂತಿದ್ದ ಗ್ರಾಂಟ್ ಮೊದಲ ದಿನ ನದಿಯ ದಡದವರೆಗೂ ಹಿಮ್ಮೆಟ್ಟಿದ, ರಾತ್ರಿ ಬಂದ ಹೊಸ ದಂಡಿನೊಂದಿಗೆ ಎರಡನೇ ದಿನ ತಿರುಗಿಬಿದ್ದ. ಎರಡೂ ಕಡೆ ಸೇರಿ 23,000ಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಒಂದೇ ಏಟಿಗೆ ಯುದ್ಧ ಮುಗಿಯುತ್ತದೆ ಎಂಬ ಭ್ರಮೆ ಅಲ್ಲಿಗೆ ಮುಗಿಯಿತು. ಅದೇ ತಿಂಗಳ ಕೊನೆಗೆ ನೌಕಾಧಿಪತಿ ಫ್ಯಾರಗಟ್ ಸಮುದ್ರದ ಕಡೆಯಿಂದ ಬಂದು ದಕ್ಷಿಣದ ಅತಿ ದೊಡ್ಡ ನಗರ ನ್ಯೂ ಆರ್ಲಿಯನ್ಸನ್ನು ವಶಮಾಡಿಕೊಂಡ.

ಮಿಸಿಸಿಪ್ಪಿ ನದಿಯಲ್ಲಿ ನಡುವೆ ಉಳಿದ ಮುಖ್ಯ ಗಂಟು ವಿಕ್ಸ್‌ಬರ್ಗ್. ನದಿಯ ತಿರುವಿನ ಮೇಲೆ ಎತ್ತರದ ದಿಣ್ಣೆ, ಅದರ ತುಂಬ ಫಿರಂಗಿ. ಊರಿನ ಉತ್ತರ ದಿಕ್ಕಿಗೆ ಜೌಗು. ನದಿಯನ್ನೇ ಬೇರೆ ಕಡೆ ತಿರುಗಿಸಲು ಕಾಲುವೆ ತೋಡಿ ನೋಡಿದರು, ಆಗಲಿಲ್ಲ. 1863ರ ಏಪ್ರಿಲ್‌ನಲ್ಲಿ ಗ್ರಾಂಟ್ ಸೈನ್ಯವನ್ನು ಪಶ್ಚಿಮ ದಡದ ಮೇಲೆ ದಕ್ಷಿಣಕ್ಕೆ ನಡೆಸಿದ. ಏಪ್ರಿಲ್ 16ರ ರಾತ್ರಿ ಹಡಗುಗಳು ದಿಣ್ಣೆಯ ಫಿರಂಗಿಗಳ ಕೆಳಗೇ ನುಸುಳಿ ಹೋದವು. ಏಪ್ರಿಲ್ 30ರಂದು ಅವೇ ಹಡಗುಗಳಲ್ಲಿ ಸೈನ್ಯ ಪೂರ್ವ ದಡಕ್ಕೆ ದಾಟಿತು. ಹಿಂದಿನ ಸರಬರಾಜನ್ನು ಹೆಚ್ಚು ನೆಚ್ಚದೆ, ದವಸ-ಮಾಂಸವನ್ನು ಸುತ್ತಲ ಊರುಗಳಿಂದ ಎತ್ತಿಕೊಂಡು, ಮೇ 1ರಿಂದ 17ರೊಳಗೆ ಐದು ಕಾಳಗ ಗೆದ್ದು, ಎದುರಾಳಿಯ ಎರಡು ದಂಡುಗಳು ಒಂದಾಗದಂತೆ ನಡುವೆ ನಿಂತ. ಕೋಟೆಯ ಮೇಲೆ ಎರಡು ಸಲ ನೇರವಾಗಿ ಏರಿಹೋಗಿ ಸೋತ ಮೇಲೆ ಮುತ್ತಿಗೆ ಹಾಕಿದ. ಊರವರು ಗುಡ್ಡದಲ್ಲಿ ಗವಿ ತೋಡಿಕೊಂಡು, ಹೇಸರಗತ್ತೆಯ ಮಾಂಸ ತಿಂದು ದಿನ ದೂಡಿದರು. 47 ದಿನಗಳ ನಂತರ, ಜುಲೈ 4ರಂದು, ಸುಮಾರು 30,000 ಜನರ ಸೈನ್ಯ ಶರಣಾಯಿತು. ಐದು ದಿನದಲ್ಲಿ ಪೋರ್ಟ್ ಹಡ್ಸನ್ ಕೂಡ ಬಿದ್ದು ಇಡೀ ಮಿಸಿಸಿಪ್ಪಿ ನದಿ ಉತ್ತರದ್ದಾಯಿತು.

ಪೂರ್ವದಲ್ಲಿ ಏಕೆ ಇಷ್ಟು ತಡ?

ಒಂದು ಕಾರಣ ಲೀ. ಇನ್ನೊಂದು ಉತ್ತರದ ದಂಡನಾಯಕ ಜಾರ್ಜ್ ಮೆಕ್ಲೆಲನ್. ಸೈನ್ಯ ಕಟ್ಟುವುದರಲ್ಲಿ ಎತ್ತಿದ ಕೈ, ಅದನ್ನು ಬಳಸುವುದರಲ್ಲಿ ಮಹಾ ಅಳುಕಿನವನು. ಶತ್ರುವಿನ ಬಲವನ್ನು ಯಾವಾಗಲೂ ಇದ್ದದ್ದಕ್ಕಿಂತ ಎಷ್ಟೋ ಹೆಚ್ಚು ಎಂದು ನಂಬುತ್ತಿದ್ದ. 1862ರ ಬೇಸಿಗೆಯಲ್ಲಿ ರಿಚ್ಮಂಡ್ ಬಾಗಿಲವರೆಗೂ ಹೋಗಿ, ಲೀಯ ಏಳು ದಿನದ ಸತತ ದಾಳಿಗೆ ಹಿಂದೆ ಸರಿದ. ಸೆಪ್ಟೆಂಬರಿನಲ್ಲಿ ಲೀ ಮೇರಿಲೆಂಡಿಗೆ ನುಗ್ಗಿದಾಗ ಅವನ ಸೈನ್ಯದ ಇಡೀ ಚಲನವಲನದ ಆದೇಶಪತ್ರ, ಮೂರು ಚುಟ್ಟಾಗಳ ಸುತ್ತ ಸುತ್ತಿದ್ದದ್ದು, ಉತ್ತರದ ಸಿಪಾಯಿಗಳಿಗೆ ಹೊಲದಲ್ಲಿ ಸಿಕ್ಕಿತು. ಅಂಥ ಅದೃಷ್ಟ ಕೈಗೆ ಬಂದರೂ ಮೆಕ್ಲೆಲನ್ ಅಮೂಲ್ಯ ಗಂಟೆಗಳನ್ನು ಕಳೆದ. ಸೆಪ್ಟೆಂಬರ್ 17ರ ಆಂಟೀಟಮ್ ಕದನದಲ್ಲಿ ಒಂದೇ ದಿನ ಸುಮಾರು 22,700 ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು. ಲೀ ಹಿಂದಕ್ಕೆ ಹೋದ, ಮೆಕ್ಲೆಲನ್ ಬೆನ್ನಟ್ಟಲಿಲ್ಲ, ಲಿಂಕನ್ ಅವನನ್ನು ತೆಗೆದುಹಾಕಿದ.

ಬಂದವನು ಬರ್ನ್‌ಸೈಡ್. ನವೆಂಬರ್ ಮಧ್ಯದಲ್ಲಿ ಅವನ ಸೈನ್ಯ ಫ್ರೆಡರಿಕ್ಸ್‌ಬರ್ಗಿನ ಎದುರಿನ ದಡ ತಲುಪಿದಾಗ ಆಚೆ ಕಾವಲು ತೆಳುವಾಗಿತ್ತು. ಆದರೆ ತೇಲುಸೇತುವೆಯ ದೋಣಿಗಳು ಕಚೇರಿಗಳ ಗೊಂದಲದಲ್ಲಿ ಒಂದು ವಾರಕ್ಕೂ ಹೆಚ್ಚು ತಡವಾಗಿ ಬಂದವು. ಅಷ್ಟರಲ್ಲಿ ಲೀ ಗುಡ್ಡದ ಮೇಲೆ ಕೂತಿದ್ದ. ಯೋಜನೆಯ ಆಧಾರವೇ ಕುಸಿದರೂ ಬರ್ನ್‌ಸೈಡ್ ಅದನ್ನು ಬಿಡಲಿಲ್ಲ. ಡಿಸೆಂಬರ್ 13ರಂದು ಕಲ್ಲುಗೋಡೆಯ ಹಿಂದಿದ್ದ ಬಂದೂಕುಗಳ ಕಡೆಗೆ ಬಯಲಲ್ಲಿ ಅಲೆ ಅಲೆಯಾಗಿ ದಂಡು ಕಳಿಸಿ ಸುಮಾರು 12,600 ಜನರನ್ನು ಕಳೆದುಕೊಂಡ. ಮುಂದಿನ ಮೇನಲ್ಲಿ ಚಾನ್ಸಲರ್ಸ್‌ವಿಲ್‌ನಲ್ಲಿ ಲೀ ಮತ್ತೆ ಗೆದ್ದ. ಆದರೆ ಅವನ ಬಲಗೈಯಾಗಿದ್ದ ಸ್ಟೋನ್‌ವಾಲ್ ಜಾಕ್ಸನ್ ಕತ್ತಲಲ್ಲಿ ತನ್ನವರ ಗುಂಡಿಗೇ ಬಿದ್ದು ಎಂಟು ದಿನದಲ್ಲಿ ಸತ್ತ. ಗೆಲುವಿನ ಅಮಲಿನಲ್ಲಿ ಲೀ ಪೆನ್ಸಿಲ್ವೇನಿಯಾಕ್ಕೆ ನುಗ್ಗಿದ. ಗೆಟಿಸ್‌ಬರ್ಗಿನಲ್ಲಿ ಜುಲೈ 1ರಿಂದ 3ರವರೆಗಿನ ಕದನದ ಕೊನೆಯ ದಿನ ಅವನೂ ಬರ್ನ್‌ಸೈಡ್ ಮಾಡಿದ ತಪ್ಪನ್ನೇ ಮಾಡಿದ: ಸುಮಾರು 12,500 ಜನರನ್ನು ಮುಕ್ಕಾಲು ಮೈಲಿ ಬಯಲು ದಾಟಿಸಿ ದಿಣ್ಣೆಗೆ ನುಗ್ಗಿಸಿದ. ಅರ್ಧದಷ್ಟು ಜನ ಹಿಂತಿರುಗಲಿಲ್ಲ. ಮೂರು ದಿನದ ಒಟ್ಟು ಸಾವುನೋವು ಸುಮಾರು 51,000. ಲೀ ಹಿಂದಿರುಗಿ ಹೊರಟ ದಿನವೇ ಅತ್ತ ವಿಕ್ಸ್‌ಬರ್ಗ್ ಶರಣಾಯಿತು.

ಗುರಿ ಬದಲಾದ ಬಗೆ

1861ರ ಮೇ ತಿಂಗಳಲ್ಲೇ ಇದು ಶುರುವಾಯಿತು, ಶುರುಮಾಡಿದವರು ಮೂವರು ಗುಲಾಮರು: ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್. ವರ್ಜಿನಿಯಾದಲ್ಲಿ ದಕ್ಷಿಣದ ಸೈನ್ಯಕ್ಕೆ ಫಿರಂಗಿ ನೆಲೆ ಕಟ್ಟುವ ಕೆಲಸಕ್ಕೆ ಹಚ್ಚಿದ್ದ ಇವರು ರಾತ್ರಿ ದೋಣಿಯೇರಿ, ಉತ್ತರದ ಕೈಯಲ್ಲಿದ್ದ ಫೋರ್ಟ್ ಮನ್ರೋಗೆ ಬಂದರು. ಮಾಲೀಕನ ಪರವಾಗಿ ಬಂದ ಅಧಿಕಾರಿ ಪಲಾಯಿತ ಗುಲಾಮರ ಕಾಯ್ದೆ ತೋರಿಸಿ ಹಿಂತಿರುಗಿಸಿ ಎಂದ. ಕೋಟೆಯ ಮುಖ್ಯಸ್ಥ ಬೆಂಜಮಿನ್ ಬಟ್ಲರ್ ವೃತ್ತಿಯಲ್ಲಿ ವಕೀಲ. ನೀವು ಬೇರೆ ದೇಶ ಎನ್ನುತ್ತೀರಿ, ಹಾಗಾದರೆ ನಮ್ಮ ದೇಶದ ಕಾಯ್ದೆ ನಿಮಗೆ ಅನ್ವಯಿಸದು ಎಂದ. ಶತ್ರುವಿನ ಯುದ್ಧಕಾರ್ಯಕ್ಕೆ ಬಳಕೆಯಾಗುವ ಸೊತ್ತನ್ನು ಜಪ್ತಿ ಮಾಡಬಹುದೆಂಬ ನಿಯಮದಡಿ ಮೂವರನ್ನೂ ಉಳಿಸಿಕೊಂಡ. ಅವರನ್ನು ಮನುಷ್ಯರೆಂದು ಒಪ್ಪದೆಯೇ ಕೊಟ್ಟ ಬಿಡುಗಡೆ ಅದು. ಆದರೂ ಸುದ್ದಿ ಹಬ್ಬಿ, ದಿನದಿನಕ್ಕೆ ಹೆಂಗಸರು ಮಕ್ಕಳೊಂದಿಗೆ ನೂರಾರು ಜನ ಬರತೊಡಗಿದರು. ಉತ್ತರದ ಸೈನ್ಯ ಎಲ್ಲಿಗೆ ಹೋದರೂ ಇದೇ ಕಥೆ. ಬಂದವರು ದಾರಿ ತೋರಿಸಿದರು, ಶತ್ರುವಿನ ಸುದ್ದಿ ತಂದರು, ಕಂದಕ ತೋಡಿದರು.

ಇಲ್ಲಿ ಯುದ್ಧದ ಲೆಕ್ಕವೇ ದಾರಿ ತೋರಿಸಿತು. ದಕ್ಷಿಣದ ಬಿಳಿಯ ಗಂಡಸರು ಅಷ್ಟು ಪ್ರಮಾಣದಲ್ಲಿ ದಂಡಿಗೆ ಹೋಗಲು ಆದದ್ದೇ ಹೊಲದಲ್ಲಿ ಗುಲಾಮರು ದುಡಿಯುತ್ತಿದ್ದುದರಿಂದ. ಒಬ್ಬ ಗುಲಾಮ ಇತ್ತ ಬಂದರೆ ಅಲ್ಲಿ ಒಂದು ಕಳೆಯಿತು, ಇಲ್ಲಿ ಒಂದು ಕೂಡಿತು. ಸಂಸತ್ತು 1861ರ ಆಗಸ್ಟ್ ಮತ್ತು 1862ರ ಜುಲೈನಲ್ಲಿ ಎರಡು ಜಪ್ತಿ ಕಾಯ್ದೆ ಮಾಡಿತು. 1862ರ ಏಪ್ರಿಲ್‌ನಲ್ಲಿ ರಾಜಧಾನಿ ವಾಷಿಂಗ್ಟನ್‌ನ ಗುಲಾಮರನ್ನು ಬಿಡಿಸಿತು. ಪರಿಹಾರ ತಲೆಗೆ 300 ಡಾಲರ್‌ವರೆಗೆ, ಅದು ಹೋದದ್ದು ಮಾಲೀಕರಿಗೆ.

ಜುಲೈ 22ರಂದು ಲಿಂಕನ್ ವಿಮೋಚನಾ ಘೋಷಣೆಯ ಕರಡನ್ನು ಸಚಿವರ ಮುಂದಿಟ್ಟ. ಸೋಲುಗಳ ನಡುವೆ ಹೊರಡಿಸಿದರೆ ದಿಕ್ಕೆಟ್ಟವರ ಕೊನೆಯ ಕೂಗಿನಂತೆ ಕೇಳಿಸುತ್ತದೆ, ಒಂದು ಗೆಲುವಿಗೆ ಕಾಯೋಣ ಎಂದ ವಿದೇಶಾಂಗ ಸಚಿವ ಸೀವರ್ಡ್. ಆಂಟೀಟಮ್ ಆ ಗೆಲುವಾಯಿತು. ಐದು ದಿನದ ನಂತರ ಎಚ್ಚರಿಕೆಯ ಘೋಷಣೆ, 1863ರ ಜನವರಿ 1ರಂದು ಅಂತಿಮ ಘೋಷಣೆ: ಬಂಡೆದ್ದ ಪ್ರದೇಶಗಳ ಗುಲಾಮರು ಇನ್ನು ಸ್ವತಂತ್ರರು. ತನ್ನ ಕೈಯಲ್ಲಿಲ್ಲದ ಕಡೆ ಬಿಡುಗಡೆ ಮಾಡಿ ಕೈಯಲ್ಲಿರುವ ಕಡೆ ಗುಲಾಮಗಿರಿಯನ್ನು ಹಾಗೇ ಉಳಿಸಿದ ಎಂಬ ಟೀಕೆ ಆಗಲೂ ಇತ್ತು, ಈಗಲೂ ಇದೆ. ಗಡಿರಾಜ್ಯಗಳು, ಟೆನೆಸೀ, ವರ್ಜಿನಿಯಾ ಮತ್ತು ಲೂಸಿಯಾನಾದ ಕೆಲ ಭಾಗಗಳು ಘೋಷಣೆಯ ಹೊರಗಿದ್ದವು, ನಿಜ. ಕಾರಣ ಕಾನೂನಿನದು: ಶಾಂತಿಕಾಲದ ಅಧ್ಯಕ್ಷನಿಗೆ ಯಾರ ‘ಆಸ್ತಿ’ಯನ್ನೂ ಕಸಿಯುವ ಅಧಿಕಾರವಿಲ್ಲ, ಸೇನಾಧಿಪತಿಯಾಗಿ ಬಂಡೆದ್ದ ಪ್ರದೇಶದ ಮೇಲೆ ಮಾತ್ರ ಇದೆ. ಜೊತೆಗೆ, ಸೌತ್ ಕೆರೊಲೈನಾದ ಕರಾವಳಿ ದ್ವೀಪಗಳಂಥ, ಆಗಲೇ ಹಿಡಿದಿದ್ದ ಕಡೆಗಳಲ್ಲಿ ಸಾವಿರಾರು ಜನ ಅಂದೇ ಬಿಡುಗಡೆಯಾದರು. ಅಲ್ಲಿಂದ ಮುಂದೆ ಸೈನ್ಯ ಇಟ್ಟ ಪ್ರತಿ ಹೆಜ್ಜೆಯೂ ಬಿಡುಗಡೆಯ ಹೆಜ್ಜೆ.

ಘೋಷಣೆಯ ಇನ್ನೊಂದು ಸಾಲು ಕಪ್ಪು ಜನರನ್ನು ಸೇನೆಗೆ ಸೇರಿಸಿಕೊಳ್ಳುವ ಬಗ್ಗೆ. ಸುಮಾರು 1.79 ಲಕ್ಷ ಜನ ಸೈನ್ಯಕ್ಕೆ ಸೇರಿದರು, ನೌಕಾಪಡೆಗೆ 19,000ದಷ್ಟು. ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್, ಇವರಿಗೆ 10, ಅದರಲ್ಲೂ ಬಟ್ಟೆಗೆಂದು 3 ಕಡಿತ. ಮ್ಯಾಸಚೂಸೆಟ್ಸ್‌ನ 54ನೇ ದಂಡು ಅರೆಸಂಬಳ ಬೇಡವೆಂದು ಪೂರ್ತಿ ನಿರಾಕರಿಸಿತು. 1864ರ ಜೂನ್‌ನಲ್ಲಿ ಸಂಸತ್ತು ಸಂಬಳ ಸರಿಮಾಡಿತು. ಸೆರೆಸಿಕ್ಕ ಕಪ್ಪು ಸಿಪಾಯಿಗಳನ್ನು ಯುದ್ಧಕೈದಿಗಳೆಂದು ದಕ್ಷಿಣ ಒಪ್ಪಲಿಲ್ಲ. ಈ ಕಾರಣಕ್ಕೆ ಕೈದಿಗಳ ವಿನಿಮಯ ಮುರಿದುಬಿದ್ದು ಎರಡೂ ಕಡೆಯ ಸೆರೆಶಿಬಿರಗಳು ತುಂಬಿ ತುಳುಕಿದವು. ಜಾರ್ಜಿಯಾದ ಆಂಡರ್ಸನ್‌ವಿಲ್ ಒಂದರಲ್ಲೇ ಸುಮಾರು 45,000 ಕೈದಿಗಳಲ್ಲಿ 13,000ದಷ್ಟು ಜನ ಸತ್ತರು.

ಹತ್ತಿಯ ಬೆದರಿಕೆ, ಧಾರವಾಡದ ಕಪ್ಪು ನೆಲ

ಬ್ರಿಟನ್ನಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಅಮೆರಿಕದಿಂದ ಬರುತ್ತಿತ್ತು. ಹತ್ತಿ ನಿಲ್ಲಿಸಿದರೆ ಬ್ರಿಟನ್ ತಾನಾಗಿ ನಮ್ಮ ಪರ ಬರುತ್ತದೆ ಎಂದು ನಂಬಿದ ದಕ್ಷಿಣದವರು 1861ರಲ್ಲಿ ತಾವೇ ರಫ್ತು ತಡೆದರು. ಆಗ ದಿಗ್ಬಂಧನ ಇನ್ನೂ ಜರಡಿಯಂತಿತ್ತು, ಹತ್ತಿ ಕಳಿಸಿ ಮದ್ದುಗುಂಡು ತರಿಸಿಕೊಳ್ಳಬಹುದಾಗಿದ್ದ ಕಾಲ. ಹಿಂದಿನ ವರ್ಷದ ಬಂಪರ್ ಬೆಳೆ ಲಿವರ್‌ಪೂಲ್ ಗೋದಾಮುಗಳಲ್ಲಿ ರಾಶಿ ಬಿದ್ದಿತ್ತು, ಕೊರತೆ ತಟ್ಟಿದ್ದು 1862ರಲ್ಲಿ. ಅಷ್ಟರಲ್ಲಿ ದಿಗ್ಬಂಧನ ಬಿಗಿಯಾಗಿತ್ತು. ವಿಮೋಚನಾ ಘೋಷಣೆಯ ಮೇಲಂತೂ ಗುಲಾಮಗಿರಿಯ ಪರ ನಿಲ್ಲುವುದು ಬ್ರಿಟಿಷ್ ಸರ್ಕಾರಕ್ಕೆ ಇನ್ನಷ್ಟು ಕಷ್ಟವಾಯಿತು.

ಬ್ರಿಟನ್ ಕಣ್ಣು ಹಾಯಿಸಿದ್ದು ಈಜಿಪ್ಟ್ ಮತ್ತು ಭಾರತದ ಕಡೆಗೆ. ಧಾರವಾಡ ಜಿಲ್ಲೆಯಲ್ಲಿ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್ ಬೀಜದ ಪ್ರಯೋಗ ನಡೆದಿತ್ತು. ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲಿ ಅಮೆರಿಕದಿಂದ ಕರೆಸಿದ ಹತ್ತಿ ಬೆಳೆಗಾರನೊಬ್ಬ ಪ್ರಯೋಗದ ತಾಕು ನಡೆಸಿದ್ದ. ‘ಧಾರವಾಡ ಅಮೆರಿಕನ್’ ಎಂದೇ ಮಾರುಕಟ್ಟೆಯಲ್ಲಿ ಹೆಸರಾದ ಈ ವಿಲಾಯತಿ ಹತ್ತಿಯ ಎಳೆ ಜವಾರಿ ಹತ್ತಿಗಿಂತ ಉದ್ದ, ಲ್ಯಾಂಕಾಷೈರ್ ಯಂತ್ರಗಳಿಗೆ ಒಗ್ಗುತ್ತಿತ್ತು. ಜವಾರಿ ಅರಳೆ ಘಟ್ಟ ಇಳಿದು ಹಡಗೇರುತ್ತಿದ್ದ ಬಂದರಿನ ಹೆಸರಿನಿಂದ ‘ಕುಮಟಾ ಹತ್ತಿ’ ಎನಿಸಿಕೊಂಡಿತ್ತು. ಯುದ್ಧದ ವರ್ಷಗಳಲ್ಲಿ ಬೆಲೆ ಹಲವು ಪಟ್ಟು ಏರಿತು. ಬೆಲೆಯ ಜೊತೆಗೇ ಕಲಬೆರಕೆಯೂ ಏರಿತು: ಅರಳೆಗೆ ಹತ್ತಿಕಾಳು, ಮಣ್ಣು ಸೇರಿಸುವುದು, ತೂಕಕ್ಕೆ ನೀರು ಚಿಮುಕಿಸುವುದು, ವಿಲಾಯತಿಗೆ ಜವಾರಿ ಬೆರೆಸುವುದು. 1863ರಲ್ಲಿ ಮುಂಬೈ ಸರ್ಕಾರ ಹತ್ತಿ ವಂಚನೆ ತಡೆಗೆಂದೇ ಕಾಯ್ದೆ ತಂದಿತು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆಯೂ, ಧಾರವಾಡದ ಹತ್ತಿಗೆ ಕಾರವಾರ ಬಂದರು ಬೇಕೆಂಬ ಮ್ಯಾಂಚೆಸ್ಟರ್ ಗಿರಣಿದಾರರ ಒತ್ತಡವಿತ್ತು. ಮುಂಬೈಯಲ್ಲಿ ಹತ್ತಿಯ ದುಡ್ಡು ಷೇರಿನ ಹುಚ್ಚಾಗಿ ತಿರುಗಿತು. 1865ರಲ್ಲಿ ಲೀ ಶರಣಾದ ಸುದ್ದಿ ಬರುತ್ತಿದ್ದಂತೆ ಎಲ್ಲ ಕುಸಿಯಿತು.

ಕೊನೆಯ ವರ್ಷ

1864ರ ಮಾರ್ಚ್‌ನಲ್ಲಿ ಗ್ರಾಂಟ್ ಇಡೀ ಸೇನೆಯ ಮುಖ್ಯಸ್ಥನಾದ. ಅವನ ಹೊಸ ಉಪಾಯ ಎಲ್ಲ ಕಡೆ ಏಕಕಾಲಕ್ಕೆ ಒತ್ತುವುದು, ದಕ್ಷಿಣ ಒಂದು ಕಡೆಯ ದಂಡನ್ನು ರೈಲಿನಲ್ಲಿ ಇನ್ನೊಂದು ಕಡೆಗೆ ಸಾಗಿಸದಂತೆ. ಮೇನಿಂದ ಸುಮಾರು ಆರು ವಾರ ವರ್ಜಿನಿಯಾದಲ್ಲಿ ಎಡೆಬಿಡದ ಕಾಳಗ: ವಿಲ್ಡರ್ನೆಸ್, ಸ್ಪಾಟ್ಸಿಲ್ವೇನಿಯಾ, ಕೋಲ್ಡ್ ಹಾರ್ಬರ್. ಉತ್ತರದ ಸಾವುನೋವು ಸುಮಾರು 55,000. ಹಿಂದಿನವರು ಪೆಟ್ಟು ತಿಂದ ಮೇಲೆ ಹಿಂದಕ್ಕೆ ಹೋಗುತ್ತಿದ್ದರು. ಗ್ರಾಂಟ್ ಪ್ರತಿ ಸಲ ಎಡಕ್ಕೆ ಸರಿದು ಇನ್ನೂ ದಕ್ಷಿಣಕ್ಕೆ ನಡೆದ. ಜೂನ್‌ನಲ್ಲಿ ರಿಚ್ಮಂಡಿಗೆ ಅನ್ನ ಹೋಗುವ ರೈಲು ಕೂಡುವ ಪೀಟರ್ಸ್‌ಬರ್ಗ್ ಎದುರು ಕಂದಕ ತೋಡಿ ಕೂತ.

ಅಲ್ಲಿ ನಡೆದ ಒಂದು ಎಡವಟ್ಟು ಹೇಳಲೇಬೇಕು. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಗಾರರ ದಂಡೊಂದು ಸುಮಾರು 155 ಮೀಟರ್ ಸುರಂಗ ಕೊರೆದು ಶತ್ರುವಿನ ಕಂದಕದಡಿ 3,600 ಕಿಲೋ ಮದ್ದು ತುಂಬಿತು. ಸ್ಫೋಟದ ಮೇಲೆ ಹೊಂಡವನ್ನು ಬಳಸಿ ಎರಡೂ ಪಕ್ಕದಿಂದ ಮುನ್ನುಗ್ಗಲು ಕಪ್ಪು ಸಿಪಾಯಿಗಳ ದಂಡಿಗೆ ತರಬೇತಿ ಕೊಟ್ಟಿದ್ದರು. ಹಿಂದಿನ ದಿನ ಮೇಲಧಿಕಾರಿಗಳು ಮನಸ್ಸು ಬದಲಿಸಿದರು: ವಿಫಲವಾದರೆ ಕಪ್ಪು ಜನರನ್ನು ಬಲಿಕೊಟ್ಟರೆಂಬ ಮಾತು ಬರುತ್ತದೆ. ಚೀಟಿ ಎತ್ತಿ, ತರಬೇತಿಯಿಲ್ಲದ ಬಿಳಿಯರ ದಂಡನ್ನು ಮುಂದೆ ಬಿಟ್ಟರು. ಅದರ ನಾಯಕ ಹಿಂದೆ ಸುರಕ್ಷಿತ ಜಾಗದಲ್ಲಿ ಕುಡಿಯುತ್ತಾ ಕೂತಿದ್ದ. ಜುಲೈ 30ರಂದು ಸ್ಫೋಟವೇನೋ ಆಯಿತು. ದಂಡು ಹೊಂಡವನ್ನು ಬಳಸಲಿಲ್ಲ, ಅದರೊಳಕ್ಕೇ ಇಳಿಯಿತು. ಹತ್ತಿ ಬರಲು ಏಣಿಯಿಲ್ಲ. ಮೇಲಿನಿಂದ ಗುಂಡಿನ ಮಳೆ. ತಡವಾಗಿ ಕಳಿಸಿದ ಕಪ್ಪು ಸಿಪಾಯಿಗಳಲ್ಲಿ ಶರಣಾದವರನ್ನೂ ಕೊಂದರು. ಉತ್ತರಕ್ಕೆ ಸುಮಾರು 3,800 ಜನರ ನಷ್ಟ.

ಆಗಸ್ಟ್‌ನಲ್ಲಿ ಲಿಂಕನ್ ಚುನಾವಣೆ ಸೋಲುತ್ತೇನೆಂದೇ ನಂಬಿದ್ದ, ಹಾಗೆಂದು ಬರೆದ ಚೀಟಿಯನ್ನು ಮಡಿಸಿ, ಒಳಗೇನಿದೆ ಎಂದು ತೋರಿಸದೆ ಸಚಿವರಿಂದ ಸಹಿ ಹಾಕಿಸಿಟ್ಟಿದ್ದ. ಎದುರಾಳಿ ಬೇರಾರೂ ಅಲ್ಲ, ಮೆಕ್ಲೆಲನ್. ಸೆಪ್ಟೆಂಬರ್ 2ರಂದು ಉತ್ತರದ ದಂಡನಾಯಕ ವಿಲಿಯಂ ಶೆರ್ಮನ್ ಅಟ್ಲಾಂಟಾ ಹಿಡಿದ, ಗಾಳಿ ತಿರುಗಿತು, ನವೆಂಬರಿನಲ್ಲಿ ಲಿಂಕನ್ ಸುಮಾರು ಶೇ 55 ಮತ ಪಡೆದು ಗೆದ್ದ. ನವೆಂಬರ್ 15ರಂದು ಶೆರ್ಮನ್ 60,000 ಜನರೊಂದಿಗೆ ಅಟ್ಲಾಂಟಾ ಬಿಟ್ಟು ಡಿಸೆಂಬರ್ 21ಕ್ಕೆ ಸಮುದ್ರತೀರದ ಸವಾನ್ನಾ ಮುಟ್ಟಿದ. ದಾರಿಯುದ್ದಕ್ಕೂ ಜೋಳ, ಹಂದಿ, ದನಗಳನ್ನು ಎತ್ತಿಕೊಂಡರು, ಜಿನ್ನಿಂಗ್ ಮನೆ, ಹತ್ತಿ, ಸೇತುವೆ ಸುಟ್ಟರು. ರೈಲುಹಳಿಯನ್ನು ಸ್ಲೀಪರ್ ಮರದ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಮರಕ್ಕೆ ಸುತ್ತಿ ತಿರುಚಿದರು, ಬರೀ ಬಗ್ಗಿಸಿದರೆ ಮತ್ತೆ ನೇರ ಮಾಡಬಹುದಲ್ಲ. ದಕ್ಷಿಣದೊಳಗೆ ಅಷ್ಟರಲ್ಲಾಗಲೇ ನೋಟಿಗೆ ಬೆಲೆ ಉಳಿದಿರಲಿಲ್ಲ. 1863ರ ಏಪ್ರಿಲ್‌ನಲ್ಲೇ ರಿಚ್ಮಂಡಿನ ಹೆಂಗಸರು ರೊಟ್ಟಿಗಾಗಿ ಅಂಗಡಿ ಲೂಟಿ ಮಾಡಿದ್ದರು. ಇಪ್ಪತ್ತು ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯನಿಗೆ ಕಡ್ಡಾಯ ಸೇನಾಸೇವೆಯಿಂದ ವಿನಾಯಿತಿ ಎಂಬ ನಿಯಮ ಬಡ ರೈತರನ್ನು ಕೆರಳಿಸಿತ್ತು. ಮನೆಯಿಂದ ಹಸಿವಿನ ಕಾಗದ ಬಂದಾಗ ಸಿಪಾಯಿಗಳು ರಾತ್ರೋರಾತ್ರಿ ಕಂದಕ ಬಿಟ್ಟು ಊರಿಗೆ ಹೊರಟರು.

1865ರ ಏಪ್ರಿಲ್ 2ರಂದು ಪೀಟರ್ಸ್‌ಬರ್ಗಿನ ಸಾಲು ಒಡೆಯಿತು. ಏಪ್ರಿಲ್ 9ರಂದು ಅಪೊಮ್ಯಾಟಕ್ಸ್‌ನಲ್ಲಿ ಲೀ ಶರಣಾದ. 14ರ ರಾತ್ರಿ ಗುಂಡು ತಿಂದ ಲಿಂಕನ್ ಮರುದಿನ ಬೆಳಿಗ್ಗೆ ಸತ್ತ. ಟೆಕ್ಸಾಸ್‌ನ ಗ್ಯಾಲ್‌ವೆಸ್ಟನ್‌ಗೆ ಸೈನ್ಯ ಹೋಗಿ ಬಿಡುಗಡೆಯ ಆದೇಶ ಓದಿದ್ದು ಜೂನ್ 19ರಂದು, ಘೋಷಣೆಯಾಗಿ ಎರಡೂವರೆ ವರ್ಷ ಕಳೆದ ಮೇಲೆ. ಗಡಿರಾಜ್ಯಗಳ ಪೈಕಿ ಕೆಂಟಕಿ, ಡೆಲಾವೇರ್‌ಗಳಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಮುಗಿದದ್ದು ಡಿಸೆಂಬರ್‌ನ 13ನೇ ತಿದ್ದುಪಡಿಯಿಂದ. ಯುದ್ಧದಲ್ಲಿ ಸತ್ತವರ ಹಳೆಯ ಲೆಕ್ಕ 6.2 ಲಕ್ಷ. ಜನಗಣತಿಯನ್ನು ಮತ್ತೆ ತಾಳೆ ಹಾಕಿದ ಈಚಿನ ಅಂದಾಜುಗಳು 7 ಲಕ್ಷದ ಆಸುಪಾಸಿಗೆ ಅಥವಾ ಅದಕ್ಕೂ ಮೇಲೆ ಹೋಗುತ್ತವೆ.

ಬಿಡುಗಡೆಯಾದವರಿಗೆ ಮೊದಲು ಬೇಕಾದದ್ದು ನೆಲ. 1865ರ ಜನವರಿಯಲ್ಲಿ ಶೆರ್ಮನ್ ಕರಾವಳಿಯ ಜಮೀನನ್ನು ಕುಟುಂಬಕ್ಕೆ 40 ಎಕರೆವರೆಗೆ ಹಂಚುವ ಆದೇಶ ಹೊರಡಿಸಿದ್ದ. ಲಿಂಕನ್ ನಂತರ ಅಧ್ಯಕ್ಷನಾದ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಅದನ್ನು ಹಳೆಯ ಮಾಲೀಕರಿಗೆ ಮರಳಿಸಿದ. ನೆಲವಿಲ್ಲದವರು ಅದೇ ಮಾಲೀಕರ ಹೊಲದಲ್ಲಿ ಪಾಲಿಗೆ ಹತ್ತಿ ಬೆಳೆದು ಸಾಲದಲ್ಲಿ ಸಿಕ್ಕಿಕೊಂಡರು. 1868ರ 14ನೇ ತಿದ್ದುಪಡಿ ಪೌರತ್ವವನ್ನೂ 1870ರ 15ನೇ ತಿದ್ದುಪಡಿ ಗಂಡಸರಿಗೆ ಮತದ ಹಕ್ಕನ್ನೂ ಕೊಟ್ಟವು. ಕಪ್ಪು ಜನ ಶಾಸಕರಾದರು, ಸೆನೆಟ್‌ಗೂ ಹೋದರು. 1877ರಲ್ಲಿ ಕೇಂದ್ರದ ಸೈನ್ಯ ಕಾವಲಿನಿಂದ ಹಿಂದೆ ಸರಿಯಿತು. 1890ರಲ್ಲಿ ಮಿಸಿಸಿಪ್ಪಿ ಹೊಸ ಸಂವಿಧಾನ ಬರೆದುಕೊಂಡು ಮತ ತೆರಿಗೆ ಮತ್ತು ಅಕ್ಷರಪರೀಕ್ಷೆಯ ಮೂಲಕ ಕಪ್ಪು ಜನರನ್ನು ಮತಗಟ್ಟೆಯಿಂದ ಹೊರಗಿಟ್ಟಿತು, ಉಳಿದ ರಾಜ್ಯಗಳು ಒಂದೊಂದಾಗಿ ಅದನ್ನೇ ನಕಲು ಮಾಡಿದವು. ಆ ಅಕ್ಷರಪರೀಕ್ಷೆಗಳನ್ನು ಕೇಂದ್ರ ತಡೆಹಿಡಿದದ್ದು 1965ರ ಮತದಾನ ಹಕ್ಕು ಕಾಯ್ದೆಯ ಮೂಲಕ.